ಸರುಬಾಯಿ ಹೆಸರಿಟ್ಟ ಜಪಾನಿನ ಚಿತ್ರ

ಬೀದರ ಸೀಮೆಯಲ್ಲಿ ಹೆಸರಿಡುವುದೆಂದರೆ ತೊಟ್ಟಿಲ ಮುಂದಿನ ಕೆಲಸವಷ್ಟೇ ಅಲ್ಲ. ಒಬ್ಬರ ಸೊಸೆ ಸುಟ್ಟ ರೊಟ್ಟಿಗೆ, ಇನ್ನೊಬ್ಬರು ಕಟ್ಟಿಸಿದ ಮೆಟ್ಟಿಲಿಗೆ, ಮತ್ತೊಬ್ಬರು ಉಟ್ಟು ಬಂದ ಸೀರೆಯ ಅಂಚಿಗೆ ಮೂಗು ಮುರಿದರೂ ಅಲ್ಲಿ ‘ಹೆಸರಿಟ್ಟಳು’ ಎನ್ನುತ್ತಾರೆ. ಹುಡಗಿ ಊರಿನ ಸರುಬಾಯಿ ಈ ಎರಡನೆಯ ಬಗೆಯ ಹೆಸರಿಡುವುದರಲ್ಲಿ ಇಡೀ ಹುಮನಾಬಾದ ತಾಲೂಕಿಗೇ ಹೆಸರಾದವಳು.

ಮದುವೆಯಾಗಿ ಗಂಡನ ಮನೆಗೆ ಬಂದ ದಿನ, ಹೊಸ್ತಿಲ ಮೇಲಿನ ಸೇರನ್ನು ಒದೆಯುವ ಮೊದಲೇ, “ಬಾಗಲಾ ಯಾಕ ಇಷ್ಟು ಗಿಡ್ಡ? ಉದ್ದನ್ನ ಸೊಸಿ ಬರತಾಳಂತ ಗೊತ್ತಿರಲಿಲ್ಲೇನು?” ಎಂದು ಅತ್ತೆಯನ್ನು ಕೇಳಿದ್ದಳು. ನಂಟರ ಮನೆಯ ಕೂಸನ್ನು ನೋಡಲು ಹೋಗಿ, “ಎಲ್ಲಾ ಚಂದ ಅದ. ಮೂಗು ಆಮ್ಯಾಲ ಬರತದೇನು?” ಎಂದಿದ್ದಳು. ಬಸವಕಲ್ಯಾಣದ ಕೋಟೆಯನ್ನು ಮೊದಲ ಸಲ ಕಂಡಾಗ ಅದರ ಅಂಕುಡೊಂಕು ಬಾಗಿಲುಗಳನ್ನು ದಾಟಿ ದಾಟಿ ಸುಸ್ತಾಗಿ, “ಇಷ್ಟು ಕಲ್ಲು ಒಟ್ಟಿದ ಮಂದಿಗೆ ನೆಟ್ಟಗ ಒಂದು ಬಾಗಲಾ ಇಡಾಕ ಬರಲಿಲ್ಲ ನೋಡು” ಎಂದು ರಾಜರನ್ನೂ ಬಿಡಲಿಲ್ಲ. ಊರಿನ ಹಿರಿಯರೊಬ್ಬರು ತೀರಿಕೊಂಡಾಗಂತೂ, ಕೂಡಿಸಿದ ಹೆಣಕ್ಕೆ ಸುತ್ತಿದ ರುಮಾಲು ಸೊಟ್ಟಗಿದೆಯೆಂದು ಅಳುವವರನ್ನು ಸರಿಸಿಕೊಂಡು ಹೋಗಿ, ಬಿಚ್ಚಿ, ಮತ್ತೆ ಕಟ್ಟಿದ್ದಳು. ಮುದುಕ ಬದುಕಿದ್ದಾಗ ಇಷ್ಟು ನೀಟಾಗಿ ಎಂದೂ ಕಂಡಿರಲಿಲ್ಲವೆಂದು ಎಲ್ಲರೂ ಒಪ್ಪಿದರು. ಆಮೇಲೆ ಅಳು ಮುಂದುವರಿಯಿತು.

ಗಂಡ ಕಾಶಿರಾಮ ಎರಡು ಎತ್ತು, ನಾಲ್ಕಾರು ಆಡು, ತೊಗರಿ-ಸೋಯಾ ಬೆಳೆಯುವ ಹೊಲ ಇಟ್ಟುಕೊಂಡ ಸಮಾಧಾನದ ಮನುಷ್ಯ. ಹೆಂಡತಿ ತಾಸುಗಟ್ಟಲೆ ಮಾತಾಡಿದ ಮೇಲೆ ಒಂದು ಸಲ ‘ಹೂಂ’ ಎನ್ನುವನು. ಅದಕ್ಕೂ ಅವಳು ಹೆಸರಿಡುವಳು: “ಅದೆಂಥಾ ಹೂಂ? ಅರ್ಧ ಒಳಗ ನುಂಗೀರಿ.”

ಇಂಥವಳನ್ನು ಜನ ಮದುವೆ ಮುಂಜಿಗಳಿಗೆ ಕರೆಯುತ್ತಿದ್ದುದು ಯಾಕೆಂದರೆ, ಅವಳು ಉಂಡು ಹೋದ ಮೇಲೆ “ಸರುಬಾಯಿ ಬರೀ ಸಾರಿಗಷ್ಟ ಹೆಸರಿಟ್ಟಳು” ಎಂದು ಊರಲ್ಲಿ ಹೇಳಿಕೊಂಡು ತಿರುಗಬಹುದಿತ್ತು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಹುಡಗಿಯಲ್ಲಿ ಇರಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಅವರ ಹಳೆಯ ಕಲ್ಲುಮನೆಯ ಮುಂದೆ ಸ್ಲ್ಯಾಬಿನ ಒಂದು ಹೊಸ ಖೋಲಿ ಎದ್ದಿತು. ಪೂಜೆಯ ದಿನ ಆಯೇರಿಯ ಉಡುಗೊರೆ ಹೊತ್ತು ಬಂದವರು ಗೋಡೆ ಗಡಿಯಾರ ತಂದರು, ಸ್ಟೀಲಿನ ಕೊಡ ತಂದರು, ಮತ್ತೆ ಗೋಡೆ ಗಡಿಯಾರ ತಂದರು. “ಒಂದೊಂದು ಗೋಡಿಗೆ ಒಂದೊಂದು ಟೈಮು ಆತು” ಎಂದು ಸರುಬಾಯಿ ಎಲ್ಲವನ್ನೂ ಮೂಲೆಗೆ ಒತ್ತಿಟ್ಟಳು. ಅವಳ ಕಣ್ಣಿದ್ದದ್ದು ಅಳಿಯನ ಮೇಲೆ. ಮಗಳು ಸೋನಾಲಿಯ ಗಂಡ ಧನರಾಜನಿಗೆ ಬಸವಕಲ್ಯಾಣದಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ಅವನು ಬಗಲಲ್ಲಿ ಅಗಲವಾದದ್ದೊಂದನ್ನು ಪೇಪರಿನಲ್ಲಿ ಸುತ್ತಿ, ಸುತಳಿ ಬಿಗಿದು ತಂದಿದ್ದ. ಸುತ್ತಲೂ ಲೈಟು ಮಿಣುಕುವ ಲಕ್ಷ್ಮಿಯ ಫೋಟೊ ಇರಬೇಕೆಂದು ಲೆಕ್ಕ ಹಾಕಿ ಸರುಬಾಯಿ ಟೀವಿಯ ಮೇಲಿನ ಮೊಳೆಯನ್ನು ಖಾಲಿ ಇಟ್ಟಿದ್ದಳು.

ಪೇಪರು ಬಿಚ್ಚಿದರೆ ಲಕ್ಷ್ಮಿ ಇಲ್ಲ. ಲೈಟೂ ಇಲ್ಲ. ಕಾಗದದ ಮೇಲೆ ಮಳೆ ಸುರಿಯುತ್ತಿತ್ತು. ದೂರದಲ್ಲಿ ನೀಲಿ ಗುಡ್ಡ, ಅದರ ಕೆಳಗೆ ಹುಲ್ಲು ಹೊದಿಸಿದ ಕೆಲವು ಮನೆಗಳು, ಒಂದು ಹೊಳೆ, ಹೊಳೆಗೆ ಅಡ್ಡಲಾಗಿ ಹಲಗೆಯ ಸೇತುವೆ. ಸೇತುವೆಯ ಮೇಲೆ ಹುಲ್ಲಿನ ಕೊಪ್ಪೆ ಹೊದ್ದು ಬಗ್ಗಿ ನಡೆಯುವ ಜನ. ಒಬ್ಬನಂತೂ ಸೇತುವೆ ಬಿಟ್ಟು ನೀರಿಗೇ ಇಳಿದು, ಉಟ್ಟದ್ದನ್ನು ಸೊಂಟದವರೆಗೆ ಎತ್ತಿ ಹಿಡಿದಿದ್ದ. ಎಲ್ಲಕ್ಕಿಂತ ಮುಂದೆ, ನೋಡುವವರ ಮುಖಕ್ಕೇ ಬರುವಂತೆ, ಮೈಮೇಲೆ ಚೀಲ ಹೇರಿಕೊಂಡ ಎತ್ತೊಂದರ ಹಿಂಭಾಗ.

“ನಮ್ಮ ಧಮ್ಮಪಾಲ ಮಾಸ್ತರು ಬುದ್ಧನ ಗುಡಿ ನೋಡಾಕ ಜಪಾನಕ್ಕ ಹೋಗಿದ್ರಲ್ಲ ಅತ್ತಿ, ಅಲ್ಲಿಂದ ಎರಡು ತಂದಾರ. ಒಂದು ತಮಗ, ಒಂದು ನನಗ” ಎಂದ ಧನರಾಜ. “ಕಟ್ಟಿಗಿ ಹಲಗಿ ಮ್ಯಾಲ ಕೆತ್ತಿ, ಬಣ್ಣಾ ಹಚ್ಚಿ, ಕಾಗದಕ್ಕ ಒತ್ತಿದ್ದು. ಎಲ್ಲಾ ಕೈಲೇ ಮಾಡಿದ್ದು.”

“ದೇವರು ಎಲ್ಲಿ ಅದಾನ ಇದರಾಗ?”

“ದೇವರಿಲ್ಲ ಅತ್ತಿ. ಮಂದಿ ಅದಾರ. ಸಂಜೀ ಮುಂದ ಮನಿಗೆ ಹೊಂಟಾರ.”

ಸರುಬಾಯಿ ಸೆರಗು ಸರಿಮಾಡಿಕೊಂಡಳು. ಅಳಿಯ ಅಂದರೆ ಅಳಿಯ, ಮರ್ಯಾದೆಯಿಂದಲೇ ಹೇಳಬೇಕು. “ಅಳಿಯಂದ್ರ, ನಮ್ಮ ಕೊಟ್ಟಿಗ್ಯಾಗ ಎರಡು ಎತ್ತು ಅವ. ಅವುಗಳ ಕುಂಡಿ ನಾ ದಿನಾ ಮುಂಜಾನೆದ್ದು ನೋಡತೀನಿ. ಮೂರನೇದು ಜಪಾನದಿಂದ ತರಸೋದು ಏನಿತ್ತರಿ?”

ಬಂದ ಬೀಗರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೋನಾಲಿಯ ಮುಖ ಕೆಂಪಾಯಿತು. ಧನರಾಜ ಮಾತ್ರ ಬೇಸರ ಮಾಡಿಕೊಳ್ಳದೆ ಚಿತ್ರವನ್ನು ಖಾಲಿ ಮೊಳೆಗೆ ತೂಗುಹಾಕಿ ಹುಗ್ಗಿ ಉಣ್ಣಲು ಕುಳಿತ. ಅತ್ತೆಯ ಬಾಯಿ ಅವನಿಗೆ ಹೊಸದಲ್ಲ.

ಅಳಿಯ ತೂಗುಹಾಕಿದ್ದನ್ನು ಇಳಿಸುವಂತಿಲ್ಲ. ಇಳಿಸಿದರೆ ಮಗಳಿಗೆ ನೋವು. ಹೀಗಾಗಿ ಚಿತ್ರ ಗೋಡೆಯಲ್ಲಿ ಉಳಿಯಿತು, ಹೆಸರಿಡುವ ಕಾರ್ಯಕ್ರಮವೂ ಉಳಿಯಿತು. ಸುದ್ದಿ ಹಬ್ಬಿ, ಜನ ಹೊಸ ಖೋಲಿ ನೋಡುವ ನೆಪದಲ್ಲಿ ಬರತೊಡಗಿದರು. ಸರುಬಾಯಿ ಚಹಾ ಕೊಟ್ಟು ಚಿತ್ರದ ಮುಂದೆ ನಿಲ್ಲಿಸುವಳು.

“ಮಳಿ ನೋಡ್ರಿ. ಪಟ್ಟಿ ಇಟ್ಟು ಗೆರಿ ಹೊಡದಾರ. ಎಲ್ಲ್ಯಾರ ಮಳಿ ಹಿಂಗ ಬರತದೇನು? ಸೇತುವಿಗೆ ಕಟಾಂಜನ ಇಲ್ಲ. ಕುಡದು ಬಂದಂವ ಸೀದಾ ಹೊಳಿಗೆ. ಚೀಲದ ಮ್ಯಾಲ ತಾಡಪತ್ರಿ ಇಲ್ಲ, ಕಾಳೆಲ್ಲ ಮೊಳಕಿ ಒಡೀತಾವ. ಒಬ್ಬರಿಗೂ ಮಾರಿ ಬರದಿಲ್ಲ. ಮಾರಿ ಬರಿಯೋ ಟೈಮನ್ಯಾಗ ಎತ್ತಿನ ಬಾಲ ಬರದು ಕುಂತಾನ.”

ಪಕ್ಕದ ಓಣಿಯ ಪಾರ್ವತಿಬಾಯಿಯೂ ಒಂದು ದಿನ ಬಂದಳು. ಅವಳು ಕಾಶಿರಾಮನ ತಂಗಿ. ಭಜನೆಯ ಹೆಂಗಸು, ಹಣೆಯ ತುಂಬ ವಿಭೂತಿ, ಬಾಯಿ ತುಂಬ ಬುದ್ಧಿಮಾತು. ಚಿತ್ರವನ್ನು ಕಂಡವಳೇ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು.

“ವೈನಿ, ಹೊಸಾ ಮನ್ಯಾಗ ಬಾಗಿಲಿಗೆ ಎದುರಾಗಿ ಹಿಂದಿನ ಭಾಗಾ! ಲಕ್ಷ್ಮಿ ಒಳಗ ಹ್ಯಾಂಗ ಬರತಾಳ? ಮತ್ತ ಆ ನೀರಾಗಿನ ಗಂಡಸು, ಶಿವ ಶಿವಾ.”

“ಅಂವನ್ನ ಅಷ್ಟು ದೂರದಿಂದ ಹ್ಯಾಂಗ ಕಂಡಿ ನೀ? ನಿನಗ ಹೊಲಿಯೋ ಸೂಜಿ ಕಾಣಂಗಿಲ್ಲ” ಎಂದಳು ಸರುಬಾಯಿ.

ಪಾರ್ವತಿಬಾಯಿ ಚಹಾ ಅರ್ಧಕ್ಕೇ ಬಿಟ್ಟು ಹೋದಳು. ಆ ಚಿತ್ರ ಇರುವ ತನಕ ಈ ಖೋಲಿಯಲ್ಲಿ ಕಾಲಿಡುವುದಿಲ್ಲವೆಂದು ಭಜನೆಯವರ ಮುಂದೆ ಹೇಳಿದಳಂತೆ. ಅಳಿಯನ ಚಿತ್ರದಿಂದ ಅಷ್ಟು ಉಪಯೋಗವಾದರೂ ಆಯಿತಲ್ಲ ಎಂದು ಸರುಬಾಯಿಗೆ ಅದರ ಮೇಲೆ ಮೊದಲ ಸಲ ಸ್ವಲ್ಪ ಪ್ರೀತಿ ಹುಟ್ಟಿತು.

ಆದರೆ ಹೆಸರಿಡುವ ಕೆಲಸದಲ್ಲಿ ಒಂದು ತೊಂದರೆಯಿದೆ. ಹೆಸರಿಡಬೇಕಾದರೆ ನೋಡಬೇಕು. ದಿನವೂ ಬಂದವರಿಗೆ ಹಳೆಯ ಹೆಸರುಗಳನ್ನೇ ಹೇಳಿದರೆ ಮಾನ ಉಳಿಯುವುದಿಲ್ಲ. ಹೊಸದು ಹುಡುಕಲು ಸರುಬಾಯಿ ರೊಟ್ಟಿ ಬಡಿದು ಬಂದು ಚಿತ್ರದ ಮುಂದೆ ನಿಲ್ಲತೊಡಗಿದಳು, ಆಡು ಕಟ್ಟಿ ಬಂದು ನಿಲ್ಲತೊಡಗಿದಳು. ಆಮೇಲೆ ಸ್ಟೂಲು ಎಳೆದುಕೊಂಡು ಕೂರತೊಡಗಿದಳು.

ಮಳೆಗಾಲ ಹಿಡಿದ ಮೇಲೆ ಒಂದು ಸಂಜೆ ಅವಳು ಹೊಲದ ಬದುವಿನ ಮೇಲೆ ನಿಂತಿದ್ದಳು. ಚಿಟಗುಪ್ಪದ ಕಡೆಯಿಂದ ಮೋಡ ಕವಿದು ಮಳೆ ಬರುತ್ತಿತ್ತು. ಇನ್ನೂ ದೂರದಲ್ಲಿತ್ತು, ಅವಳ ತಲೆಯ ಮೇಲೆ ಒಂದು ಹನಿಯೂ ಇಲ್ಲ. ಅಲ್ಲಿ, ಕಪ್ಪು ನೆಲದ ಮೇಲೆ, ಮಳೆ ಓರೆಯಾಗಿ, ಆದರೆ ಎಲ್ಲೂ ಬಾಗದೆ, ಪಟ್ಟಿ ಇಟ್ಟು ಗೆರೆ ಹೊಡೆದ ಹಾಗೆ ಇಳಿಯುತ್ತಿತ್ತು. ಸರುಬಾಯಿ ಬಾಯಿ ತೆರೆದುಕೊಂಡು ನೋಡಿದಳು. ಹುಟ್ಟಿದಾಗಿನಿಂದ ಇದೇ ಮಳೆಯಲ್ಲಿ ನೆನೆದಿದ್ದಾಳೆ; ದೂರದಲ್ಲಿ ಅದು ಹೇಗೆ ಕಾಣುತ್ತದೆಂದು ನಿಂತು ನೋಡಿರಲಿಲ್ಲ. ಮಳೆ ಬಂದರೆ ಓಡುವುದು, ಕಾಳು ಮುಚ್ಚುವುದು, ಬೈಯುವುದು, ಇಷ್ಟೇ ಆಗಿತ್ತು.

ತೊಯ್ದು ತೊಪ್ಪೆಯಾಗಿ ಮನೆಗೆ ಬಂದು, ಬೀಡಿ ಸೇದುತ್ತಿದ್ದ ಗಂಡನಿಗೆ ಹೇಳಿದಳು: “ಆ ಚಿತ್ರದಾಗಿನ ಮಳಿ ಬರೋಬರಿ ಅದರಿ.”

ಕಾಶಿರಾಮ ಬೀಡಿ ತೆಗೆದ. “ಏನಂದಿ?”

“ಬರೋಬರಿ ಅದ ಅಂದೆ. ಕಿಂವಿ ಕೇಳಂಗಿಲ್ಲೇನು?”

ಅವನು ಎದ್ದು ಬಂದು ಅವಳ ಹಣೆ ಮುಟ್ಟಿ ನೋಡಿದ. ಜ್ವರವಿರಲಿಲ್ಲ.

ಅಂದಿನಿಂದ ಒಂದೊಂದೇ ಹೆಸರು ವಾಪಸು ಬರತೊಡಗಿತು. ಎತ್ತಿನ ಹಿಂಭಾಗವನ್ನೂ ಅವಳು ಬಿಟ್ಟುಕೊಟ್ಟಳು: ಎತ್ತಿನ ಹಿಂದೆ ನಡೆಯುವವನಿಗೆ ಮತ್ತೇನು ಕಾಣುತ್ತದೆ? ಚಿತ್ರ ಬರೆದವನೂ ಅದೇ ದಾರಿಯಲ್ಲಿ, ಅದೇ ಎತ್ತಿನ ಹಿಂದೆ ನೆನೆಯುತ್ತ ಬಂದಿರಬೇಕು. ಗಿಲೀಟು ಮಾಡದೆ ಕಂಡದ್ದನ್ನು ಬರೆದಿದ್ದಾನೆ.

ಹಾಗೆ ನೋಡುತ್ತಿರುವಾಗಲೇ ಅವಳಿಗೆ ಚಿತ್ರದಲ್ಲಿ ಒಬ್ಬ ಹೆಂಗಸು ಸಿಕ್ಕಳು. ಹೊಳೆಯ ಆಚೆ, ಮೊದಲನೆಯ ಹುಲ್ಲುಮನೆಯ ಬಾಗಿಲಲ್ಲಿ, ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದಾಗಿ, ಚೌಕಟ್ಟು ಹಿಡಿದು ನಿಂತವಳು. ಇಡೀ ಚಿತ್ರದಲ್ಲಿ ಮುಖದ ಮೇಲೆ ಏನಾದರೂ ಇದ್ದದ್ದು ಅವಳೊಬ್ಬಳಿಗೆ: ಒಂದು ಕರಿ ಚುಕ್ಕೆ. ಬಾಯಿ! ಅಗಲವಾಗಿ ತೆರೆದ ಬಾಯಿ. ಮಳೆಯ ಸಪ್ಪಳವನ್ನು ಮೀರಿಸಿ ಯಾರಿಗೋ ಒದರುತ್ತಿದ್ದಾಳೆ.

“ಅಕಿ ಒದರಾಕತ್ತಾಳರಿ” ಎಂದು ಸರುಬಾಯಿ ಗಂಡನನ್ನು ಕೈಹಿಡಿದು ಎಳೆತಂದು ತೋರಿಸಿದಳು. “ಎಲ್ಲಾರೂ ತಲಿ ಬಗ್ಗಿಸ್ಯಾರ. ಅಕಿ ಒಬ್ಬಾಕಿ ನೋಡ್ರಿ, ಮಳೀಗೂ ಅಂಜಿಲ್ಲ. ಏನಂತ ಒದರಾಕತ್ತಾಳ?”

“ನನಗ ಹ್ಯಾಂಗ ಗೊತ್ತು?” ಎಂದ ಕಾಶಿರಾಮ. “ಜಪಾನಿ ಇರಬೇಕು.”

ಉಣ್ಣುವಾಗ, ಕಳೆ ತೆಗೆಯುವಾಗ ಸರುಬಾಯಿಗೆ ಅದೇ ಯೋಚನೆ. ಕಡೆಗೆ ಮಗಳನ್ನು ನೋಡಿ ಬರುತ್ತೇನೆಂದು ಹೊರಟಳು. ಟಂಟಂ ಆಟೊ ಹಿಡಿದು ಹುಮನಾಬಾದಿಗೆ, ಅಲ್ಲಿಂದ ಬಸವಕಲ್ಯಾಣದ ಬಸ್ಸಿಗೆ. ಆಧಾರ ಕಾರ್ಡು ತೋರಿಸಿದರೆ ಹೆಂಗಸರಿಗೆ ಪುಕ್ಕಟೆ ಟಿಕೀಟು. “ಪುಕ್ಕಟೆ ಕೊಡತೀರಿ ಖರೆ, ಸೀಟು ಎಲ್ಲದ?” ಎಂದು ಕಂಡಕ್ಟರನಿಗೆ ಹೆಸರಿಡುವುದನ್ನು ಮರೆಯಲಿಲ್ಲ.

ಮಗಳ ಕೈಯಲ್ಲಿ ಒಂದು ತುತ್ತು ಉಂಡು, ಅಳಿಯನನ್ನು ಹೊರಡಿಸಿಕೊಂಡು ಅವಳು ಧಮ್ಮಪಾಲ ಮಾಸ್ತರರ ಮನೆಗೆ ಹೋದಳು. ಮಾಸ್ತರರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು; ತೆಳ್ಳಗೆ, ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿ. ಅವರ ಹೆಂಡತಿ ಕಮಳಾಬಾಯಿ ಚಹಾ ತಂದಿಟ್ಟಳು. ಸರುಬಾಯಿ ಪೀಠಿಕೆ ಹಾಕಲಿಲ್ಲ.

“ಮಾಸ್ತರ್ರ, ಆ ಬಾಗಲಾಗಿನ ಹೆಣ್ಮಗಳು ಏನಂತ ಒದರಾಕತ್ತಾಳರಿ?”

ಮಾಸ್ತರರಿಗೆ ಅರ್ಥವಾಗಲಿಲ್ಲ. ಧನರಾಜ ವಿವರಿಸಿದ. ಅವರಿಗೆ ಖುಷಿಯಾಯಿತು. ಇಷ್ಟು ದಿನದಲ್ಲಿ ಆ ಚಿತ್ರದ ಬಗ್ಗೆ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಬಂದವರೆಲ್ಲ ಜಪಾನದಲ್ಲಿ ಊಟಕ್ಕೆ ಏನು ಮಾಡಿದಿರಿ ಎಂದಷ್ಟೇ ಕೇಳುತ್ತಿದ್ದರು. ಒಳಗಿನಿಂದ ತಮ್ಮ ಪ್ರತಿಯನ್ನು ತಂದು ಟೇಬಲ್ಲಿನ ಮೇಲಿಟ್ಟರು. ಇದನ್ನು ಮಾಡಲು ಮೂವರು ಬೇಕು: ಒಬ್ಬ ಚಿತ್ರ ಬರೆಯುವವ, ಒಬ್ಬ ಹಲಗೆ ಕೆತ್ತುವವ, ಒಬ್ಬ ಒತ್ತುವವ. ಮೊದಲು ಕರಿ ಗೆರೆಯ ಹಲಗೆ, ಆಮೇಲೆ ನೀಲಿಗೊಂದು, ಹಸಿರಿಗೊಂದು, ಮಣ್ಣಿನ ಬಣ್ಣಕ್ಕೊಂದು. ಹಸಿ ಕಾಗದವನ್ನು ಹಲಗೆಯ ಮೇಲೆ ಹಾಸಿ ಅದರ ಬೆನ್ನನ್ನು ತಿಕ್ಕುತ್ತಾರೆ ಎಂದು ಕೈಯಾಡಿಸಿ ತೋರಿಸಿದರು. “ಗುಡ್ಡದ ನೀಲಿ ನೋಡ್ರಿ ಅಕ್ಕಾರ. ಮ್ಯಾಲ ದಟ್ಟ ಅದ, ಕೆಳಗ ಬರಬರತಾ ತೆಳ್ಳಗಾಗತದ. ಹಲಗಿ ಮ್ಯಾಲ ಬಣ್ಣಾ ಒರಸೋ ಕೈಯಾಗ ಅದ ಅದು. ಅದಕ್ಕ ಒಂದು ಪ್ರತಿ ಇದ್ದಂಗ ಇನ್ನೊಂದು ಇರಂಗಿಲ್ಲ.”

ಸರುಬಾಯಿ ನೀಲಿಯನ್ನು ನೋಡಿದಳು. ಚೆನ್ನಾಗಿತ್ತು. ಆದರೆ ಅವಳ ಬೆರಳು ಹೊಳೆ ದಾಟಿ ಮೊದಲನೆಯ ಮನೆಯ ಬಾಗಿಲಿಗೆ ಹೋಯಿತು. ಹೋದ ಬೆರಳು ಅಲ್ಲೇ ನಿಂತಿತು.

“ನಿಮ್ಮಕಿಗೆ ಬಾಯೇ ಇಲ್ಲಲ್ಲರಿ!”

ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಹೆಂಗಸು ಇದ್ದಳು, ಚೌಕಟ್ಟೂ ಹಿಡಿದಿದ್ದಳು. ಮುಖ ಮಾತ್ರ ಉಳಿದವರ ಹಾಗೆ ಖಾಲಿ. ಅವರು ಧನರಾಜನ ಕಡೆ ತಿರುಗಿದರು. ಅವನು ಅತ್ತೆಯ ಪ್ರತಿಗೆ ಕಟ್ಟು ಹಾಕುವ ಮೊದಲು ಮೊಬೈಲಿನಲ್ಲಿ ಹಿಡಿದಿಟ್ಟ ಫೋಟೊ ತೆಗೆದು ದೊಡ್ಡದು ಮಾಡಿ ತೋರಿಸಿದ. ಮಾಸ್ತರರು ಬಹಳ ಹೊತ್ತು ನೋಡಿದರು. ಆಮೇಲೆ, ಪೇಷಂಟಿನ ಮನೆಯವರಿಗೆ ಸುದ್ದಿ ಹೇಳುವ ಡಾಕ್ಟರನ ದನಿಯಲ್ಲಿ ಹೇಳಿದರು.

“ಅಕ್ಕಾರ, ಅದು ಬಾಯಿ ಅಲ್ಲ. ಶಾಯಿ ಸಿಡದದ. ಒತ್ತುವಾಗ ಒಂದು ಹನಿ ಎಲ್ಲಿಂದೋ ಬಿದ್ದದ. ಹಲಗಿಯೊಳಗ ಅಕಿಗೆ ಬಾಯಿ ಕೆತ್ತೇ ಇಲ್ಲ. ಇದು ತಪ್ಪು. ನಾ ಇದನ್ನ ನೋಡೇ ಇರಲಿಲ್ಲ.”

ಧನರಾಜ ಅತ್ತೆಯ ಮುಖ ನೋಡಲು ಹೆದರಿ ಚಹಾದ ಕಪ್ಪು ನೋಡಿದ. “ಬೇಕಂದ್ರ ನಮ್ಮದು ಒಯ್ಯಿರಿ, ಅದನ್ನ ನಮಗ ಕೊಡ್ರಿ. ಇದರಾಗ ತಪ್ಪಿಲ್ಲ” ಎಂದರು ಮಾಸ್ತರರು, ಮನಸ್ಸಿನಿಂದಲೇ.

“ಬ್ಯಾಡ್ರಿ” ಎಂದಳು ಸರುಬಾಯಿ. ಕಮಳಾಬಾಯಿಯ ಚಹಾಕ್ಕೂ ಹೆಸರಿಡದೆ ಎದ್ದು ಬಂದಳು. ಬಾಗಿಲ ತನಕ ಬಂದ ಕಮಳಾಬಾಯಿಗೆ ತನ್ನ ಚಹಾ ಅಷ್ಟು ಕೆಟ್ಟದಾಗಿತ್ತೇ ಎಂದು ಚಿಂತೆ ಹತ್ತಿತು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕರೂ ಅವಳಿಗೆ ಸಮಾಧಾನವಿಲ್ಲ. ಮಳೆಗೆ ಹೆಸರಿಟ್ಟಳು, ಅದು ಸರಿ ಇತ್ತು. ಎತ್ತಿಗೆ ಹೆಸರಿಟ್ಟಳು, ಅದೂ ಸರಿ ಇತ್ತು. ಇಡೀ ಕಾಗದದಲ್ಲಿ ಇದ್ದದ್ದು ಒಂದೇ ಒಂದು ನಿಜವಾದ ತಪ್ಪು. ಅದರ ಮುಂದೆ ಮಾತ್ರ ಸ್ಟೂಲು ಹಾಕಿಕೊಂಡು ಕೂತು ಮೆಚ್ಚಿದಳು. ತಾಲೂಕಿಗೇ ಹೆಸರಾದ ಕಣ್ಣು! ದಾರಿಯ ರಾಜೇಶ್ವರ ಊರು ದಾಟುವವರೆಗೆ ಅವಳಿಗೆ ಅವಮಾನ. ಹುಮನಾಬಾದ ಹತ್ತಿರ ಬಂದಾಗ ಸಿಟ್ಟು. ಟಂಟಂ ಹತ್ತಿ ಹುಡಗಿಯ ದಾರಿ ಹಿಡಿದಾಗ, ಯಾಕೋ, ಒಬ್ಬಳೇ ನಗತೊಡಗಿದಳು. ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದು ಕೂತರು.

ಮನೆಗೆ ಬಂದವಳೇ ಚೀಲ ಇಳಿಸದೆ ಚಿತ್ರದ ಮುಂದೆ ನಿಂತಳು. ಚುಕ್ಕೆ ಅಲ್ಲೇ ಇತ್ತು. ಹೆಂಗಸು ಒದರುತ್ತಲೇ ಇದ್ದಳು.

“ಕೇಳ್ರಿ ಇಲ್ಲೆ” ಎಂದು ಗಂಡನನ್ನು ಕರೆದು ನಡೆದದ್ದನ್ನೆಲ್ಲ ಹೇಳಿದಳು. “ಮಾಸ್ತರು ಶಾಯಿ ಸಿಡದದ ಅಂತಾರ. ಹೌದು, ಸಿಡದದ. ಯಾಕ ಸಿಡೀತು? ಒತ್ತುವಂವ ಒಂದೇ ಮನಸಿಂದ ಕುಂತು ಕೆಲಸಾ ಮಾಡಾಕತ್ತಾನ. ಅವನ ಹೇಣ್ತಿ ಒಳಗಿಂದ ಒದರ್ಯಾಳ, ಉಣ್ಣಾಕ ಬಾ ಅಂತನೋ, ಮನ್ಯಾಗ ಕಟ್ಟಿಗಿ ಇಲ್ಲ ಅಂತನೋ. ಅಂವ ಬೆಚ್ಚಿ ಬಿದ್ದಾನ. ಕೈಯಾಗಿನ ಶಾಯಿ ಸಿಡದು ಇಕಿ ಮಾರಿ ಮ್ಯಾಲ ಬಿದ್ದದ. ಮತ್ತ ಅದು ಬಾಯಿ ಹೌದೋ ಅಲ್ಲೋ?”

ಕಾಶಿರಾಮ ಯೋಚಿಸಿದ. ಹೆಂಡತಿಯ ಒಂದು ಕೂಗಿಗೆ ತಾನು ಎಷ್ಟು ಸಲ ಬೆಚ್ಚಿಬಿದ್ದು ಕೈಯಲ್ಲಿದ್ದದ್ದನ್ನು ಕೆಡವಿದ್ದೇನೆಂದು ನೆನೆಸಿಕೊಂಡಿರಬೇಕು. “ಹೌದು” ಎಂದ. ಪೂರಾ ‘ಹೌದು’, ಏನೂ ನುಂಗಲಿಲ್ಲ. ಆಮೇಲೆ ಇಬ್ಬರೂ ನಕ್ಕರು. ಕಾಶಿರಾಮ ನಕ್ಕರೆ ಅವನ ಹೊಟ್ಟೆ ಮಾತ್ರ ಅಲ್ಲಾಡುತ್ತದೆ, ಸಪ್ಪಳ ಬರುವುದಿಲ್ಲ. ಅವತ್ತು ಸಪ್ಪಳವೂ ಬಂತು.

ಸೋಯಾ ಕೊಯ್ಲಿನ ಕಾಲಕ್ಕೆ ಎಂದಿನಂತೆ ಮಳೆ ವಕ್ಕರಿಸಿತು. ಮನೆಯ ಹಿಂದಿನ ಹೊಲದಲ್ಲಿ ಕೊಯ್ಯುತ್ತಿದ್ದ ಹೆಂಗಸರು ಕುಡುಗೋಲು ಹಿಡಿದುಕೊಂಡೇ ಹೊಸ ಖೋಲಿಗೆ ಓಡಿ ಬಂದರು: ಬಾಯಿಬಡುಕಿ ಜಿಜಾಬಾಯಿ, ಹೊಸದಾಗಿ ಲಗ್ನವಾದ ಜಗದೇವಿ, ಇನ್ನಿಬ್ಬರು. ಅಣ್ಣನ ಹೊಲಕ್ಕೆ ಕೈಕೂಡಿಸಲು ಬಂದಿದ್ದ ಪಾರ್ವತಿಬಾಯಿ ಸ್ವಲ್ಪ ಹೊತ್ತು ಹೊರಗೇ ನೆನೆದಳು. ಸಿಡಿಲೊಂದು ಹೊಡೆದಾಗ ಅವಳೂ ಒಳಗೆ ಬಂದು, ಚಿತ್ರಕ್ಕೆ ಬೆನ್ನು ಕೊಟ್ಟು ನಿಂತಳು. ಕರೆಂಟು ಹೋಗಿತ್ತು. ಟೀವಿ ಇಲ್ಲ. ಎಲ್ಲರೂ ಚಿತ್ರ ನೋಡತೊಡಗಿದರು.

ಸರುಬಾಯಿ ಬಾಗಿಲಿನ ಹೆಂಗಸನ್ನು ತೋರಿಸಿ, “ಅಕಿ ಏನಂತ ಒದರಾಕತ್ತಾಳ, ಹೇಳ್ರಿ ನೋಡೂಣು” ಎಂದಳು. ಶಾಯಿಯ ಮಾತು ಎತ್ತಲಿಲ್ಲ.

ಜಗದೇವಿ ನೀರಿಗಿಳಿದ ಗಂಡಸನ್ನು ನೋಡಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. “ಅದನ್ನ ಕೆಳಗಿಳಿಸೋ, ಊರ ಮಂದಿ ನೋಡಾಕತ್ತಾರ ಅಂತಾಳ.”

ಗದ್ದಲವೋ ಗದ್ದಲ. ಜಿಜಾಬಾಯಿ ನಗು ತಡೆದುಕೊಂಡು, “ಅದೆಲ್ಲಾ ಅಲ್ಲ. ನಾ ಹೇಳತೀನಿ. ಕಾಲು ತೊಳಕೊಂಡು ಒಳಗ ಬಾ, ಈಗಷ್ಟ ನೆಲಾ ಒರಸೀನಿ ಅಂತಾಳ” ಎಂದಳು. ಎಲ್ಲರೂ ತಲೆಯಾಡಿಸಿದರು. ಅದರಲ್ಲಿ ಅನುಮಾನವೇ ಇರಲಿಲ್ಲ.

ಪಾರ್ವತಿಬಾಯಿಗೆ ತಡೆಯಲಾಗಲಿಲ್ಲ. ಒಂದು ಕಣ್ಣಿನಷ್ಟು ತಿರುಗಿ ನೋಡಿದಳು, ಆಮೇಲೆ ಪೂರಾ ತಿರುಗಿದಳು. “ಮೊದಲ ಎತ್ತು ಕಟ್ಟು, ಆಮ್ಯಾಲ ನೀ ಬಾ ಅಂತಿರಬೇಕು” ಎಂದಳು ಮೆಲ್ಲಗೆ. “ಎತ್ತು ನಡಗಾಕತ್ತದ, ನೋಡ್ರಿ.”

ಸರುಬಾಯಿ ಜಾಗ ಬಿಟ್ಟು ಅವಳನ್ನು ಸ್ಟೂಲಿನ ಮೇಲೆ ಕೂಡಿಸಿದಳು.

ಅಷ್ಟರಲ್ಲಿ ಕಾಶಿರಾಮ ಹೊಲದಿಂದ ಬಂದ. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ, ಮೊಣಕಾಲಿನವರೆಗೆ ಕರಿ ಮಣ್ಣು. ಹೊಸ್ತಿಲು ದಾಟಲು ಒಂದು ಕಾಲು ಎತ್ತಿದ.

“ಏ, ಕಾಲು ತೊಳಕೊಂಡು ಬರ್ರಿ!” ಎಂದು ಸರುಬಾಯಿ ಬಾಗಿಲ ಚೌಕಟ್ಟು ಹಿಡಿದು ಒದರಿದಳು. “ಈಗಷ್ಟ ನೆಲಾ ಒರಸೀನಿ.”

ಒಳಗಿದ್ದ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಪಾರ್ವತಿಬಾಯಿ ಸ್ಟೂಲಿನಿಂದ ಜಾರುವುದರಲ್ಲಿದ್ದಳು, ಜಗದೇವಿ ಹಿಡಿದುಕೊಂಡಳು. ಕಾಶಿರಾಮ ಎತ್ತಿದ ಕಾಲನ್ನು ಹಾಗೇ ಹಿಡಿದು, ತನ್ನ ಪಾದದಲ್ಲಿ ನಗುವಂಥದ್ದು ಏನಿದೆಯೆಂದು ಬಗ್ಗಿ ನೋಡಿದ.